ಕ್ಯಾನ್ಸರ್ ಮದ್ದಿನ ಜೋಮು: ಹೇಳಲೇಬೇಕಾದ ಮಾತು

ನಮ್ಮ ಹಳೆಯ ಓದುಗರೊಬ್ಬರು ಮೊನ್ನೆ ಕಚೇರಿಗೆ ಬಂದಿದ್ದರು. ಚಂದಾ ಹಣ ಕೊಟ್ಟು ಹೋಗುವ ನೆವದಲ್ಲಿ ಬಂದವರು ಮನೆಯ ಕಷ್ಟವನ್ನು ಹೇಳಿಕೊಂಡರು. ಅವರ ಮನೆಯಾಕೆ ಮೂವತ್ತು ವರ್ಷ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು. ಸ್ತನದ ಕ್ಯಾನ್ಸರ್ ಎಂದು ತಿಳಿದ ಮೇಲೆ ಶಸ್ತ್ರಚಿಕಿತ್ಸೆಯಾಯಿತು, ಕೀಮೋಥೆರಪಿಯ ಮದ್ದು ಸುತ್ತು ಸುತ್ತಾಗಿ ನಡೆಯಿತು. ದೇವರ ದಯೆಯಿಂದ ರೋಗ ಹತೋಟಿಗೆ ಬಂದಿದೆ. ಆದರೆ ಬೆರಳ ತುದಿಗೆ ನೂಲು ತಾಗಿದ್ದೇ ತಿಳಿಯುವುದಿಲ್ಲ; ಎಲೆ ಸುತ್ತಿದರೆ ಬಿಚ್ಚಿಕೊಳ್ಳುತ್ತದೆ. ಒಂದು ದಿನ ಅಂಗಳದಿಂದ ಒಳಗೆ ಬಂದಾಗ ಒಂದೇ ಕಾಲಿನಲ್ಲಿ ಚಪ್ಪಲಿ ಇತ್ತು. ಇನ್ನೊಂದು ಕೆಸರಿನಲ್ಲಿ ಉಳಿದದ್ದು ಆಕೆಗೆ ಗೊತ್ತೇ ಆಗಿರಲಿಲ್ಲ.

"ಮದ್ದು ನಡೆಯುತ್ತಿರುವಾಗಲೇ ಡಾಕ್ಟರರಿಗೆ ಹೇಳಲಿಲ್ಲವೇ?" ಎಂದು ನಾವು ಕೇಳಿದೆವು. ಅವರು ನಕ್ಕರು, ಆ ನಗುವಿನಲ್ಲಿ ಸಂತೋಷವಿರಲಿಲ್ಲ. "ಅಲ್ಲಿ ನರ್ಸಮ್ಮ ಕೇಳಿದ್ದು ನಿಜ, ಮರವಿಪ್ಪುಂಡೋ ಅಂತ. ಇವಳು ಮರೆವು ಉಂಟೋ ಅಂತ ಕೇಳುವುದು ಎಂದು ತಿಳಿದು, ಇಲ್ಲಮ್ಮ, ಎಲ್ಲ ನೆನಪುಂಟು ಅಂದಳು. ಅವರು ಇಲ್ಲ ಅಂತ ಬರೆದುಕೊಂಡರು."

ಮಲಯಾಳದ 'ಮರವಿಪ್ಪು' ನಮ್ಮ 'ಮರೆವು' ಅಲ್ಲ. ಅದು ಮರಗಟ್ಟುವಿಕೆ, ಜೋಮು. ಕೇಳಿದವರಲ್ಲಿ ತಪ್ಪಿಲ್ಲ, ಉತ್ತರಿಸಿದವರಲ್ಲಿಯೂ ತಪ್ಪಿಲ್ಲ. ಒಂದು ಪದದ ಅಂತರದಲ್ಲಿ ಒಬ್ಬ ದುಡಿಯುವ ಹೆಂಗಸಿನ ಹತ್ತು ಬೆರಳುಗಳು ಸೋತುಹೋದವು. ಈ ಜಿಲ್ಲೆಯ ಕನ್ನಡ ಮನೆಗಳಲ್ಲಿ ಇಂಥದು ಮತ್ತೆ ನಡೆಯಬಾರದೆಂಬ ಕಾಳಜಿಯಿಂದ ಇಂದು ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ಕ್ಯಾನ್ಸರ್ ಮದ್ದಿನಿಂದ ಕೂದಲು ಉದುರುತ್ತದೆ, ವಾಂತಿಯಾಗುತ್ತದೆ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಈ ಮದ್ದುಗಳಲ್ಲಿ ಕೆಲವು ನರಗಳನ್ನೂ ಘಾಸಿಗೊಳಿಸುತ್ತವೆ ಎಂಬುದು ಅಷ್ಟಾಗಿ ತಿಳಿದಿಲ್ಲ. ಉದುರಿದ ಕೂದಲು ಮತ್ತೆ ಬರುತ್ತದೆ, ವಾಂತಿ ನಿಲ್ಲುತ್ತದೆ. ನರಕ್ಕೆ ಆದ ಹಾನಿ ಮಾತ್ರ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮೊದಲು ಕಾಲಬೆರಳ ತುದಿಯಲ್ಲಿ, ಅಂಗಾಲಿನಲ್ಲಿ ಜುಮುಜುಮು; ಬಳಿಕ ಕೈಬೆರಳ ತುದಿಯಲ್ಲಿ. ಇರುವೆ ಹರಿದಂತೆ, ಸೂಜಿ ಚುಚ್ಚಿದಂತೆ, ಉರಿದಂತೆ, ಕಾಲಿಗೆ ದಪ್ಪ ಕಾಲುಚೀಲ ಹಾಕಿಕೊಂಡು ನಡೆದಂತೆ ಎಂದು ರೋಗಿಗಳು ಇದನ್ನು ವರ್ಣಿಸುತ್ತಾರೆ. ಅಂಗಿಯ ಗುಂಡಿ ಹಾಕಲಾಗದು, ಕೆಳಗೆ ಬಿದ್ದ ನಾಣ್ಯ ಹೆಕ್ಕಲಾಗದು. ಮುಖ ತೊಳೆಯಲು ಕಣ್ಣು ಮುಚ್ಚಿದೊಡನೆ ಮೈ ವಾಲುತ್ತದೆ. ಏಕೆಂದರೆ ಕಾಲು ಎಲ್ಲಿದೆ ಎಂಬ ಸುದ್ದಿಯನ್ನು ಮಿದುಳಿಗೆ ಒಯ್ಯುವ ನರ ಸೋತಿದೆ.

ಎಲ್ಲ ಕ್ಯಾನ್ಸರ್ ಮದ್ದುಗಳೂ ಹೀಗೆ ಮಾಡುವುದಿಲ್ಲ. ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿಗೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್, ಹಲವು ಬಗೆಯ ಕ್ಯಾನ್ಸರುಗಳಿಗೆ ಬಳಸುವ ಸಿಸ್‌ಪ್ಲಾಟಿನ್, ಕರುಳಿನ ಕ್ಯಾನ್ಸರಿಗೆ ಕೊಡುವ ಆಕ್ಸಾಲಿಪ್ಲಾಟಿನ್, ರಕ್ತದ ಕ್ಯಾನ್ಸರಿಗೆ ಮಕ್ಕಳಿಗೂ ಕೊಡುವ ವಿನ್‌ಕ್ರಿಸ್ಟಿನ್, ಮೈಲೋಮ ಎಂಬ ಮಜ್ಜೆಯ ಕ್ಯಾನ್ಸರಿಗೆ ಕೊಡುವ ಬೋರ್ಟೆಜೊಮಿಬ್ ಮತ್ತು ಥ್ಯಾಲಿಡೊಮೈಡ್ ಇವು ಮುಖ್ಯವಾದವು. ವಿನ್‌ಕ್ರಿಸ್ಟಿನ್ ದೊರೆತದ್ದು ನಮ್ಮ ಅಂಗಳದಲ್ಲಿ ಅರಳುವ ಕಾಶಿಕಣಗಿಲೆಯಿಂದ, ಅಂದರೆ ನಿತ್ಯಪುಷ್ಪದ ಗಿಡದಿಂದ. 1963ರಲ್ಲಿ ಬಳಕೆಗೆ ಒಪ್ಪಿಗೆ ಪಡೆದ ಈ ಮದ್ದು ಎಷ್ಟೋ ಮಕ್ಕಳ ಪ್ರಾಣ ಉಳಿಸಿದೆ. (ಹಾಗೆಂದು ಅಂಗಳದ ಗಿಡವನ್ನು ಕಷಾಯ ಮಾಡಿ ಕುಡಿಯಬಾರದು, ಅದು ವಿಷ.) ಪ್ಯಾಕ್ಲಿಟ್ಯಾಕ್ಸೆಲ್ ಅಮೆರಿಕದ ಯೂ ಎಂಬ ಮರದ ತೊಗಟೆಯಿಂದ ಬಂದುದು, 1992ರಿಂದ ಬಳಕೆಯಲ್ಲಿದೆ. ಸಿಸ್‌ಪ್ಲಾಟಿನ್ ಪ್ಲಾಟಿನಂ ಲೋಹದಿಂದ ಮಾಡಿದ್ದು. 1978ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಇವು ಜೀವ ಉಳಿಸುವ ಮದ್ದುಗಳು. ಇವುಗಳ ಮೇಲೆ ಓದುಗರಲ್ಲಿ ಭೀತಿ ಹುಟ್ಟಿಸುವುದು ನಮ್ಮ ಉದ್ದೇಶವಲ್ಲವೆಂದು ಆರಂಭದಲ್ಲಿಯೇ ಸ್ಪಷ್ಟಪಡಿಸುತ್ತೇವೆ.

ಕ್ಯಾನ್ಸರನ್ನು ಕೊಲ್ಲುವ ಮದ್ದು ನರವನ್ನೇಕೆ ಕಾಡುತ್ತದೆ? ಬೆನ್ನೆಲುಬಿನ ಪಕ್ಕದಲ್ಲಿರುವ ನರಕೋಶವೊಂದು ತನ್ನ ಎಳೆಯನ್ನು ಕಾಲಬೆರಳ ತುದಿಯವರೆಗೆ, ಸುಮಾರು ಒಂದು ಮೀಟರ್ ದೂರ ಚಾಚಿರುತ್ತದೆ. ಆ ತುದಿಗೆ ಬೇಕಾದ ಆಹಾರ, ಸಾಮಗ್ರಿಗಳೆಲ್ಲ ಕೋಶದಿಂದಲೇ ಹೋಗಬೇಕು. ಅದಕ್ಕೆಂದು ಎಳೆಯೊಳಗೆ ಸೂಕ್ಷ್ಮವಾದ ನಳಿಕೆಗಳ ಸಾಲು, ರೈಲು ಹಳಿಯಂತೆ ಹಾಸಿಕೊಂಡಿರುತ್ತದೆ. ಕ್ಯಾನ್ಸರ್ ಕೋಶ ಒಂದು ಎರಡಾಗಿ ಒಡೆಯುವುದಕ್ಕೂ ಇಂಥ ನಳಿಕೆಗಳೇ ಬೇಕು. ವಿನ್‌ಕ್ರಿಸ್ಟಿನ್ ಅವನ್ನು ಕಟ್ಟಗೊಡುವುದಿಲ್ಲ. ಪ್ಯಾಕ್ಲಿಟ್ಯಾಕ್ಸೆಲ್ ಕಟ್ಟಿದ್ದನ್ನು ಕಳಚಗೊಡುವುದಿಲ್ಲ. ಎರಡರಿಂದಲೂ ಕ್ಯಾನ್ಸರ್ ಕೋಶ ಸಾಯುತ್ತದೆ. ಆದರೆ ಅದೇ ಏಟಿಗೆ ನರದ ಹಳಿಯೂ ಕೆಡುತ್ತದೆ. ಹಳಿ ಕೆಟ್ಟಾಗ ಎಲ್ಲಕ್ಕಿಂತ ದೂರದ ನಿಲ್ದಾಣಕ್ಕೆ ಮೊದಲು ಸರಕು ನಿಲ್ಲುತ್ತದಷ್ಟೆ. ಆದುದರಿಂದಲೇ ಜೋಮು ಕಾಲಬೆರಳಿನಲ್ಲಿ ಮೊದಲಾಗುತ್ತದೆ. ಪ್ಲಾಟಿನಂ ಮದ್ದುಗಳ ದಾರಿ ಬೇರೆ. ಅವು ಬೆನ್ನೆಲುಬಿನ ಪಕ್ಕದ ನರಕೋಶಗಳ ಗಂಟಿಗೇ ಹೋಗಿ ಸೇರುತ್ತವೆ. ಮಿದುಳಿಗೆ ಇರುವಂಥ ಬಲವಾದ ತಡೆಗೋಡೆ ಆ ಗಂಟುಗಳಿಗೆ ಇಲ್ಲ. ಹಾಗಾಗಿ ಸಿಸ್‌ಪ್ಲಾಟಿನ್ ನಿಲ್ಲಿಸಿದ ಬಳಿಕವೂ ಕೆಲವು ತಿಂಗಳು ಜೋಮು ಏರುತ್ತಲೇ ಹೋಗುವುದುಂಟು. ಮದ್ದು ಮುಗಿಯಿತಲ್ಲ, ಇನ್ನು ಹೇಳುವುದೇನು ಎಂದು ಸುಮ್ಮನಾಗುವವರು ಇದನ್ನು ಗಮನಿಸಬೇಕು.

ಆಕ್ಸಾಲಿಪ್ಲಾಟಿನ್‌ಗೆ ಇನ್ನೊಂದು ವಿಶೇಷವಿದೆ. ಅದನ್ನು ಕೊಟ್ಟ ಕೆಲವು ದಿನ ತಂಪು ತಾಗಿದರೆ ಸಾಕು, ಕೈ ಬಾಯಿ ಜುಮ್ಮೆನ್ನುತ್ತದೆ. ಫ್ರಿಜ್ಜಿನ ನೀರು ಕುಡಿದರೆ ಗಂಟಲು ಹಿಡಿದು ಉಸಿರೇ ಕಟ್ಟಿದಂತಾಗುತ್ತದೆ. ತಿಳಿಯದವರು ಇದನ್ನು ಕಂಡು ಗಾಬರಿಪಡುತ್ತಾರೆ. ಆ ದಿನಗಳಲ್ಲಿ ಬಿಸಿನೀರು ಕುಡಿಯುವುದು, ಬೆಳಗಿನ ಚಳಿಗೆ ಕೈಕಾಲು ಮುಚ್ಚಿಕೊಳ್ಳುವುದು ಉತ್ತಮ.

ಇದೆಷ್ಟು ಮಂದಿಗೆ ಬರುತ್ತದೆ? 31 ಅಧ್ಯಯನಗಳ 4179 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ಲೆಕ್ಕದಂತೆ, ಇಂಥ ಮದ್ದು ಮುಗಿದ ಮೊದಲ ತಿಂಗಳಲ್ಲಿ ನೂರಕ್ಕೆ 68 ಮಂದಿಗೆ, ಮೂರು ತಿಂಗಳಲ್ಲಿ 60 ಮಂದಿಗೆ, ಆರು ತಿಂಗಳು ಕಳೆದ ಮೇಲೂ 30 ಮಂದಿಗೆ ನರದ ತೊಂದರೆ ಇತ್ತು. ಅಂದರೆ ಇದು ಅಪರೂಪದ ದುರದೃಷ್ಟವಲ್ಲ. ಅನೇಕರಿಗೆ ಕಾಲಕ್ರಮೇಣ ಕಡಿಮೆಯಾಗುತ್ತದೆ ಎಂಬ ಸಮಾಧಾನವೂ, ಕೆಲವರಿಗೆ ಉಳಿದುಬಿಡುತ್ತದೆ ಎಂಬ ಎಚ್ಚರಿಕೆಯೂ ಈ ಅಂಕಿಗಳಲ್ಲಿವೆ. ಮೊದಲೇ ಸಕ್ಕರೆ ಕಾಯಿಲೆಯಿಂದ ಅಥವಾ ಮದ್ಯಪಾನದಿಂದ ನರ ಬಳಲಿರುವವರು, ಬಿ-12 ಜೀವಸತ್ವದ ಕೊರತೆಯಿರುವವರು ಹೆಚ್ಚು ಜಾಗರೂಕರಾಗಿರಬೇಕು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಈ ಜೋಮು ಬಾರದಂತೆ ತಡೆಯುವ ಮಾತ್ರೆ ಯಾವುದೂ ಇಲ್ಲ. ಕ್ಯಾನ್ಸರ್ ವೈದ್ಯರ ಸಂಸ್ಥೆಯಾದ ಅಮೆರಿಕನ್ ಸೊಸೈಟಿ ಆಫ್ ಕ್ಲಿನಿಕಲ್ ಆಂಕಾಲಜಿ 2014ರಲ್ಲಿ, ಮತ್ತೆ 2020ರಲ್ಲಿ ಎಲ್ಲ ಅಧ್ಯಯನಗಳನ್ನೂ ಪರಿಶೀಲಿಸಿ, ತಡೆಯುವುದಕ್ಕಾಗಿ ಶಿಫಾರಸು ಮಾಡಬಹುದಾದ ಔಷಧ ಯಾವುದೂ ಇಲ್ಲವೆಂದು ಹೇಳಿತು. ಬಂದ ಮೇಲೆ ನೋವನ್ನು ಕಡಿಮೆ ಮಾಡಲು ಅದು ಶಿಫಾರಸು ಮಾಡಿದ್ದು ಡ್ಯುಲೋಕ್ಸೆಟಿನ್ ಎಂಬ ಒಂದೇ ಔಷಧವನ್ನು. 231 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಈ ಔಷಧವನ್ನು ಮೊದಲು ಪಡೆದ ನೂರರಲ್ಲಿ 59 ಮಂದಿಗೆ ನೋವು ಕಡಿಮೆಯಾಯಿತು. ಸಪ್ಪೆ ಮಾತ್ರೆ ಪಡೆದವರಲ್ಲಿ 38 ಮಂದಿಗೆ. ಪ್ರಯೋಜನವಿದೆ, ಆದರೆ ಪವಾಡವಲ್ಲ.

ಹಾಗಾದರೆ ಉಳಿದಿರುವ ದಾರಿ ಯಾವುದು? ಮದ್ದಿನ ಪ್ರಮಾಣ. ಜೋಮು ಹೆಚ್ಚುತ್ತಿದೆಯೆಂದು ಸಕಾಲದಲ್ಲಿ ತಿಳಿದರೆ ವೈದ್ಯರು ಮದ್ದಿನ ಪ್ರಮಾಣವನ್ನು ತಗ್ಗಿಸಬಹುದು, ಮುಂದಿನ ಸುತ್ತನ್ನು ಸ್ವಲ್ಪ ಮುಂದೂಡಬಹುದು, ಬೇರೆ ಮದ್ದಿಗೆ ಬದಲಾಯಿಸಬಹುದು. ಹೀಗೆ ಸಕಾಲದಲ್ಲಿ ಗಮನಿಸಿದ್ದರಿಂದ ಚಿಕಿತ್ಸೆಯ ರೀತಿಯೇ ಬದಲಾದ ಉದಾಹರಣೆಗಳಿವೆ. ದೊಡ್ಡ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯ ಬಳಿಕ ಆಕ್ಸಾಲಿಪ್ಲಾಟಿನ್ ಒಳಗೊಂಡ ಮದ್ದನ್ನು ಆರು ತಿಂಗಳು ಕೊಡುವುದು ವಾಡಿಕೆಯಾಗಿತ್ತು. ಹನ್ನೆರಡು ಸಾವಿರಕ್ಕೂ ಮಿಕ್ಕಿದ ರೋಗಿಗಳ ಪರೀಕ್ಷೆಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವರದಿ, ಅಪಾಯ ಕಡಿಮೆಯಿರುವ ರೋಗಿಗಳಲ್ಲಿ ಒಂದು ಬಗೆಯ ಮದ್ದಿನ ಜೋಡಿಗೆ ಮೂರು ತಿಂಗಳೇ ಸಾಕೆಂದು ತೋರಿಸಿತು. ಆರು ತಿಂಗಳ ಮದ್ದು ಪಡೆದವರಲ್ಲಿ ನೂರಕ್ಕೆ ಸುಮಾರು 45 ಮಂದಿಗೆ ಗಣನೀಯವಾದ ನರಹಾನಿಯಾಗಿದ್ದರೆ, ಮೂರು ತಿಂಗಳಿನವರಲ್ಲಿ ಅದು ಸುಮಾರು 15 ಮಾತ್ರ. ಬೋರ್ಟೆಜೊಮಿಬನ್ನು ರಕ್ತನಾಳಕ್ಕೆ ಕೊಡುವ ಬದಲು ಚರ್ಮದಡಿಗೆ ಚುಚ್ಚಿದರೆ ರೋಗಕ್ಕೆ ಗುಣ ಅಷ್ಟೇ, ನರಹಾನಿ ಮಾತ್ರ ಕಡಿಮೆ ಎಂದು 2011ರ ಪರೀಕ್ಷೆ ತೋರಿಸಿತು. ರೋಗಿಗಳು ಹೇಳಿಕೊಂಡದ್ದನ್ನು ವೈದ್ಯರು ಕಿವಿಗೊಟ್ಟು ಎಣಿಸಿದ್ದರಿಂದಲೇ ಇದೆಲ್ಲ ಸಾಧ್ಯವಾಯಿತು.

ಇಲ್ಲಿ ಒಂದು ಮಾತನ್ನು ಓದುಗರು ಮನಸ್ಸಿನಲ್ಲಿಡಬೇಕು. ಜ್ವರವನ್ನು ಥರ್ಮಾಮೀಟರ್ ಹೇಳುತ್ತದೆ. ರಕ್ತ ಕಡಿಮೆಯಾದುದನ್ನು ಪ್ರಯೋಗಾಲಯ ಹೇಳುತ್ತದೆ. ಜೋಮು ಎಷ್ಟಿದೆ ಎಂಬುದನ್ನು ರೋಗಿಯೇ ಹೇಳಬೇಕು. ಅದು ಹೊರಗೆ ಕಾಣುವುದಿಲ್ಲ, ನಿತ್ಯದ ರಕ್ತಪರೀಕ್ಷೆಯಲ್ಲಿ ತೋರುವುದಿಲ್ಲ. ವೈದ್ಯರು ತಾವಾಗಿ ಅಂದಾಜಿಸಿದ್ದಕ್ಕಿಂತ ರೋಗಿಯ ಬಾಯಿಂದ ಬಂದದ್ದು ಹೆಚ್ಚಿರುತ್ತದೆ ಎಂದು ವೈದ್ಯಲೋಕವೇ ಒಪ್ಪಿಕೊಂಡು, ರೋಗಿಯೇ ಉತ್ತರಿಸುವ 20 ಪ್ರಶ್ನೆಗಳ ಪಟ್ಟಿಯೊಂದನ್ನು ಯುರೋಪಿನಲ್ಲಿ ಸಿದ್ಧಪಡಿಸಿ 2005ರಲ್ಲಿ ಪ್ರಕಟಿಸಿತು. ರೋಗಿಯ ಮಾತೇ ಇಲ್ಲಿ ಪರೀಕ್ಷಾ ಉಪಕರಣ. ಆ ಮಾತು ಯಾವ ಭಾಷೆಯಲ್ಲಿ ಹೊರಡಬೇಕೆಂಬುದು ಹಾಗಾಗಿ ಸಣ್ಣ ಪ್ರಶ್ನೆಯಲ್ಲ.

ಚಂದ್ರಗಿರಿಯ ಉತ್ತರಕ್ಕಿರುವ ನಮ್ಮ ಗ್ರಾಮಗಳ ಹಿರಿಯರ ಪರಿಸ್ಥಿತಿಯನ್ನು ನೋಡಿ. ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ ಅಥವಾ ಮರಾಠಿ. ಓದು ಬರಹ ಕನ್ನಡದಲ್ಲಿ. ಪೇಟೆಯ ವ್ಯವಹಾರಕ್ಕೆ ಬೇಕಾದಷ್ಟು ಮಲಯಾಳ. ತರಕಾರಿ ಕೊಳ್ಳಲು, ಬಸ್ಸಿನಲ್ಲಿ ಟಿಕೇಟು ಕೇಳಲು ಆ ಮಲಯಾಳ ಸಾಕು. ಅಂಗಾಲಿನಲ್ಲಿ ಇರುವೆ ಹರಿದಂತಾಗುವುದನ್ನು, ಅದು ಕಳೆದ ಸುತ್ತಿಗಿಂತ ಈ ಸುತ್ತಿಗೆ ಒಂದು ಗೇಣು ಮೇಲೇರಿರುವುದನ್ನು ಹೇಳಲು ಅದು ಸಾಲದು. ತಲಶ್ಶೇರಿಗೋ ತಿರುವನಂತಪುರಕ್ಕೋ ಹೋದವರಿಗೆ ಮಲಯಾಳದ ತೊಡಕು. ಮಂಗಳೂರಿಗೆ ಹೋದವರಿಗೆ ಮಾತಿಗೆ ಕನ್ನಡ, ತುಳು ಸಿಕ್ಕಿದರೂ ಕೈಗೆ ಸಿಕ್ಕುವ ಚೀಟಿ ಇಂಗ್ಲಿಷಿನಲ್ಲಿ. ಆ ಚೀಟಿ ಹಿಡಿದು ಊರಿಗೆ ಬಂದರೆ ಮನೆಗೆ ಬರುವ ಆರೋಗ್ಯ ಕಾರ್ಯಕರ್ತೆಯ ಕೈಯಲ್ಲಿ ಮಲಯಾಳದ ನಮೂನೆ. ಮೂರು ಭಾಷೆಗಳ ನಡುವೆ ರೋಗಿಯ ಮಾತು ಎಲ್ಲಿ ಉದುರಿಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ.

ಜೊತೆಗೆ ಹೋದ ಮಗನೋ ಮೊಮ್ಮಗಳೋ ಭಾಷಾಂತರಿಸುತ್ತಾರಲ್ಲ ಎನ್ನಬಹುದು. ಅವರ ಶ್ರಮ ದೊಡ್ಡದು. ಆದರೆ ಹಿರಿಯರು ನಾಲ್ಕು ವಾಕ್ಯದಲ್ಲಿ ಹೇಳಿದ್ದನ್ನು ಅವರು ಅವಸರದಲ್ಲಿ "ಸ್ವಲ್ಪ ಸುಸ್ತು" ಎಂದು ಮುಗಿಸಿಬಿಡುವುದುಂಟು. ಕೆಲವು ಸಂಗತಿಗಳನ್ನು ಹಿರಿಯರು ಮಕ್ಕಳ ಮುಂದೆ ಹೇಳುವುದೇ ಇಲ್ಲ. ವಿನ್‌ಕ್ರಿಸ್ಟಿನ್‌ನಿಂದ ಕರುಳಿನ ನರಕ್ಕೂ ಜಡತ್ವ ಬಂದು ವಾರಗಟ್ಟಲೆ ಮಲ ಕಟ್ಟಿಕೊಳ್ಳಬಹುದು. ಅದನ್ನು ತಾಯಿ ಮಗನ ಬಾಯಿಂದ ಹೇಳಿಸುವುದುಂಟೇ?

ಮೌನಕ್ಕೆ ಭಾಷೆಯೊಂದೇ ಕಾರಣವಲ್ಲವೆಂಬುದನ್ನೂ ಒಪ್ಪಬೇಕು. ಜೋಮೆಂದರೆ ವಾಯು ಹಿಡಿದದ್ದು, ಎಣ್ಣೆ ತಿಕ್ಕಿ ಬಿಸಿ ಶಾಖ ಕೊಟ್ಟರೆ ಹೋಗುತ್ತದೆ ಎಂಬ ನಂಬಿಕೆ ಇದೆ. ಸ್ಪರ್ಶ ತಿಳಿಯದ ಕಾಲಿಗೆ ಬಿಸಿ ಶಾಖ ಕೊಟ್ಟರೆ ಬೊಬ್ಬೆ ಎದ್ದರೂ ತಿಳಿಯದು. ಸ್ಪರ್ಶ ಹೋಯಿತೆಂದರೆ ಕುಷ್ಠವೆಂದು ನೆರೆಹೊರೆಯವರು ಭಾವಿಸಿಯಾರೆಂಬ ಹಳೆಯ ಹೆದರಿಕೆಯೂ ಉಂಟು. ಎಲ್ಲಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದು: ಹೇಳಿದರೆ ಡಾಕ್ಟರರು ಮದ್ದು ನಿಲ್ಲಿಸಿಬಿಟ್ಟಾರು, ರೋಗ ತಿರುಗಿ ಬಂದೀತು. ಆದುದರಿಂದ ಹಲ್ಲು ಕಚ್ಚಿ ಸಹಿಸುತ್ತಾರೆ. ಈ ಹೆದರಿಕೆಗೆ ಅರ್ಥವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಎರಡು ಅಪಾಯಗಳನ್ನು ತಕ್ಕಡಿಯಲ್ಲಿಟ್ಟು ತೂಗುವುದು ವೈದ್ಯರ ಕೆಲಸ. ಒಂದು ತಟ್ಟೆಯಲ್ಲಿಡಬೇಕಾದುದನ್ನು ನಾವೇ ಬಚ್ಚಿಟ್ಟರೆ ಅವರು ತೂಗುವುದು ಹೇಗೆ? ಹೇಳಿದರೆ ಮದ್ದು ನಿಲ್ಲಲೇಬೇಕೆಂದಿಲ್ಲ. ಹೇಳದೆ ಹೋದರೆ ಜೋಮು ನಡೆಯಲಾಗದ ಮಟ್ಟಕ್ಕೆ ಏರಿ, ಕೊನೆಗೆ ಮದ್ದನ್ನು ಪೂರ್ತಿ ನಿಲ್ಲಿಸಬೇಕಾದ ಪರಿಸ್ಥಿತಿ ಬರಬಹುದು. ಹಾಗೆಯೇ ಯಾರನ್ನೂ ಕೇಳದೆ ತಾವಾಗಿಯೇ ಮದ್ದು ಬಿಡುವುದೂ ತಪ್ಪು.

ನರಕ್ಕೆ ಶಕ್ತಿ ಬರಲೆಂದು ಅಂಗಡಿಯಿಂದ ವಿಟಮಿನ್ ಮಾತ್ರೆ ತಂದು ನುಂಗುವವರಿಗೂ ಒಂದು ಎಚ್ಚರಿಕೆ. ಬಿ-6 ಜೀವಸತ್ವ ಅತಿಯಾದರೆ ಅದೇ ನರವನ್ನು ಕೆಡಿಸುತ್ತದೆ. ನರಕ್ಕೆ ಒಳ್ಳೆಯದೆಂದು ಬಹುಕಾಲ ನಂಬಿದ್ದ ಅಸಿಟೈಲ್ ಕಾರ್ನಿಟಿನ್ ಎಂಬುದನ್ನು ಪ್ಯಾಕ್ಲಿಟ್ಯಾಕ್ಸೆಲ್ ವರ್ಗದ ಮದ್ದು ಪಡೆಯುವ ಸ್ತ್ರೀಯರಿಗೆ ಕೊಟ್ಟು ನೋಡಿದಾಗ ತೊಂದರೆ ಹೆಚ್ಚಾಯಿತೆಂದು 2013ರಲ್ಲಿ ತಿಳಿದುಬಂತು. ವೈದ್ಯರನ್ನು ಕೇಳದೆ ಏನನ್ನೂ ತೆಗೆದುಕೊಳ್ಳಬಾರದು.

ಮನೆಯವರು ಮಾಡಬಹುದಾದದ್ದು ಬಹಳವಿದೆ. ಬಚ್ಚಲ ಹಂಡೆಯ ನೀರನ್ನು ರೋಗಿಯ ಕೈಯಿಂದ ನೋಡಿಸದೆ ಬೇರೆಯವರು ಮುಟ್ಟಿ ನೋಡಬೇಕು. ಮೆಟ್ಟುಕತ್ತಿಯ ಕೆಲಸ, ಒಲೆಯ ಕೆಲಸ ಕೆಲವು ಕಾಲ ಇನ್ನೊಬ್ಬರಿಗಿರಲಿ. ರಾತ್ರಿ ಜಗಲಿಗೆ, ಬಚ್ಚಲಿಗೆ ಹೋಗುವ ದಾರಿಯಲ್ಲಿ ದೀಪವಿರಲಿ. ಹಾವಸೆ ಹಿಡಿದ ಮುರಕಲ್ಲಿನ ಮೆಟ್ಟಿಲನ್ನು ಮಳೆಗಾಲದಲ್ಲಿ ಉಜ್ಜಿ ಇಡಬೇಕು. ತೋಟಕ್ಕೆ ಬರಿಗಾಲಲ್ಲಿ ಹೋಗಬಾರದು; ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಬೇಕು. ಪ್ರತಿದಿನ ಸಂಜೆ ಕಾಲು ತೊಳೆದ ಮೇಲೆ ಅಂಗಾಲನ್ನೂ ಬೆರಳ ಸಂದುಗಳನ್ನೂ ಮನೆಯವರೊಬ್ಬರು ನೋಡಬೇಕು. ಮುಳ್ಳು ಹೊಕ್ಕದ್ದು ರೋಗಿಗೆ ತಿಳಿದಿರುವುದಿಲ್ಲ. ಸುಮ್ಮನೆ ಮಲಗಿಸದೆ, ವೈದ್ಯರು ಒಪ್ಪಿದಷ್ಟು ನಡೆಸಬೇಕು.

ಇನ್ನು ಸರಕಾರಕ್ಕೆ ಎರಡು ಮಾತು. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದಂದಿನಿಂದ ನಾವು ಶಾಲೆ, ನೌಕರಿ, ಅರ್ಜಿ ನಮೂನೆಗಳಿಗಾಗಿ ಕೇಳುತ್ತ ಬಂದಿದ್ದೇವೆ. ಯಾವುದೇ ಅಧಿಕಾರಿಗೆ ತನ್ನ ಅಹವಾಲನ್ನು ದೇಶದಲ್ಲೋ ರಾಜ್ಯದಲ್ಲೋ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬನಿಗೂ ಕೊಟ್ಟಿದೆ. ಜಮೀನಿನ ಅಹವಾಲಿಗಿರುವ ಮನ್ನಣೆ ದೇಹದ ಅಹವಾಲಿಗೆ ಬೇಡವೇ? ನಾವು ಕೇಳುತ್ತಿರುವುದು ದೊಡ್ಡ ಕಟ್ಟಡವನ್ನಲ್ಲ, ಹೊಸ ಇಲಾಖೆಯನ್ನಲ್ಲ. ಒಂದು ಹಾಳೆ ಕಾಗದ. ಕಾಲಿನಲ್ಲಿ ಜೋಮಿದೆಯೇ, ಕಳೆದ ಸಲಕ್ಕಿಂತ ಹೆಚ್ಚೇ, ಗುಂಡಿ ಹಾಕಲಾಗುತ್ತದೆಯೇ, ನಡೆಯುವಾಗ ವಾಲುತ್ತದೆಯೇ, ರಾತ್ರಿ ಉರಿಯಿಂದ ನಿದ್ರೆ ಕೆಡುತ್ತದೆಯೇ ಎಂಬ ಐದಾರು ಪ್ರಶ್ನೆಗಳು ಒಂದು ಬದಿ ಕನ್ನಡದಲ್ಲಿ, ಇನ್ನೊಂದು ಬದಿ ಮಲಯಾಳದಲ್ಲಿ. ರೋಗಿ ಕನ್ನಡದಲ್ಲಿ ಗುರುತು ಹಾಕಿದರೆ ವೈದ್ಯರು ಮಲಯಾಳದಲ್ಲಿ ಓದಿಕೊಳ್ಳಲಿ. ಕೇರಳವು 2008ರಲ್ಲಿಯೇ ಸಾಂತ್ವನ ಚಿಕಿತ್ಸೆಯ ನೀತಿಯನ್ನು ಜಾರಿಗೆ ತಂದ ರಾಜ್ಯ. ಪಂಚಾಯತುಗಳ ಮೂಲಕ ರೋಗಿಯ ಮನೆಬಾಗಿಲಿಗೆ ನರ್ಸನ್ನು ಕಳುಹಿಸುವ ಅದರ ವ್ಯವಸ್ಥೆ ನಿಜಕ್ಕೂ ಶ್ಲಾಘನೀಯ. ಕನ್ನಡ ಪ್ರದೇಶದ ಪಂಚಾಯತುಗಳಲ್ಲಿ ಆ ನರ್ಸಿನ ಚೀಲದಲ್ಲಿ ಈ ಹಾಳೆಯೂ ಇರಲಿ, ಕನ್ನಡ ಬಲ್ಲವರನ್ನೇ ಆ ಕೆಲಸಕ್ಕೆ ನೇಮಿಸಲಿ ಎಂಬುದು ನಮ್ಮ ಆಗ್ರಹ.

ಸರಕಾರ ಮಾಡುವವರೆಗೆ ಕಾಯಬೇಕಾಗಿಲ್ಲ. ಊರಿನ ಗ್ರಂಥಾಲಯಗಳು, ಯುವಕ ಮಂಡಲಗಳು, ಮಹಿಳಾ ಸಂಘಗಳು, ಎರಡೂ ಭಾಷೆ ಬಲ್ಲ ಅಧ್ಯಾಪಕರು ಮನಸ್ಸು ಮಾಡಿದರೆ ಒಂದು ಸಂಜೆಯಲ್ಲಿ ಆ ಹಾಳೆಯನ್ನು ಬರೆದು, ಸ್ಥಳೀಯ ವೈದ್ಯರಿಂದ ತಿದ್ದಿಸಿ ಹಂಚಬಹುದು. ಮಲಯಾಳ ಮಾಧ್ಯಮದಲ್ಲಿ ಓದುತ್ತಿರುವ ನಮ್ಮ ಮಕ್ಕಳಿಗೆ ಇದೊಂದು ಒಳ್ಳೆಯ ಸೇವೆ. ಅಲ್ಲಿಯತನಕ ಈ ನಾಲ್ಕು ಪದಗಳನ್ನು ಚೀಟಿಯಲ್ಲಿ ಬರೆದು ಆಸ್ಪತ್ರೆಯ ಫೈಲಿನೊಳಗೆ ಇಟ್ಟುಕೊಳ್ಳಿ: ಜುಮುಜುಮು ಅಥವಾ ಜೋಮಿಗೆ 'ತರಿಪ್ಪ್', ಮರಗಟ್ಟುವುದಕ್ಕೆ 'ಮರವಿಪ್ಪ್', ಉರಿಗೆ 'ಎರಿಚ್ಚಿಲ್', ನೋವಿಗೆ 'ವೇದನ'. ಎಲ್ಲಿ ಎಂದು ಬೆರಳಿನಿಂದ ತೋರಿಸಿ. ಪ್ರತಿ ಸುತ್ತಿಗೂ ಎಷ್ಟು ಮೇಲೇರಿತೆಂದು ತಾರೀಕು ಹಾಕಿ ಬರೆದಿಡಿ.

ನಮ್ಮಲ್ಲಿಗೆ ಬಂದ ಆ ಓದುಗರು ಹೊರಡುವಾಗ ಕೇಳಿದರು, "ಅವಳ ಬೆರಳು ಸರಿಯಾದೀತೇ?" ಮದ್ದು ಮುಗಿದು ಇನ್ನೂ ಆರು ತಿಂಗಳಾಗಿಲ್ಲ; ಇನ್ನೂ ಸುಧಾರಿಸಬಹುದು, ಈಗಲಾದರೂ ವೈದ್ಯರಿಗೆ ಸರಿಯಾಗಿ ಹೇಳಿ ಎಂದೆವು. ಮುಂದಿನ ಸಲ ಅವರ ಜೊತೆ ಎರಡೂ ಭಾಷೆ ಬಲ್ಲ ನೆರೆಮನೆಯ ಅಧ್ಯಾಪಿಕೆ ಹೋಗುತ್ತಾರಂತೆ. ಅಂಥ ಒಬ್ಬರು ಪ್ರತಿಯೊಂದು ಮನೆಗೂ ದೊರೆಯಲಿ. ಬೀಡಿಯ ನೂಲು, ಮಲ್ಲಿಗೆಯ ದಂಡೆ, ಮೊಮ್ಮಗುವಿನ ಕೆನ್ನೆ ಇವನ್ನೆಲ್ಲ ತಿಳಿಯುವ ಬೆರಳುಗಳು, ಕೇಳಿದ ಪ್ರಶ್ನೆ ಅರ್ಥವಾಗಲಿಲ್ಲವೆಂಬ ಒಂದೇ ಕಾರಣಕ್ಕೆ ನಮ್ಮ ನಾಡಿನ ತಾಯಂದಿರಿಂದ ದೂರವಾಗಬಾರದು.